ಎಐ ಕಣ್ಣಿಗೆ ಕಾಣದ ಷೋರೂಂ

ಕಾರು ಮಾರಾಟವಾಗದೆ ಹೋದ ದಿನಗಳು ನಮ್ಮ ಷೋರೂಮಿನಲ್ಲಿ ಬೇಕಾದಷ್ಟಿವೆ. ಏನೂ ನಡೆಯದೆ ಹೋದ ದಿನ ಮಾತ್ರ ನನಗೆ ನೆನಪಿಲ್ಲ.

ನಾನು ಸುರಪುರದವಳು. ಮೊದಲು ಅಲ್ಲಿಯೇ ಒಂದು ಟೈಪಿಂಗ್ ಕ್ಲಾಸಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಆ ಕ್ಲಾಸು ಮುಚ್ಚಿದ ಮೇಲೆ ಶಹಾಪುರದ ಈ ಕಾರು ಷೋರೂಮಿಗೆ ಸೇರಿದೆ. ಇಲ್ಲಿ ಕಂಪ್ಯೂಟರಿನಲ್ಲಿ ಏನು ಕೆಟ್ಟರೂ ನಾನು ಹೊಣೆ, ಕೆಡದಿದ್ದರೂ ನಾನೇ ಹೊಣೆ. ಮಾಲೀಕರನ್ನು ಊರೆಲ್ಲ ಸಾಹುಕಾರ್ರು ಅನ್ನುತ್ತದೆ. ಅವರು ನನ್ನನ್ನು ಈಗಲೂ ‘ಅಕ್ಕೋರೆ’ ಅಂತಲೇ ಕರೆಯುತ್ತಾರೆ. ಪಾಠ ಹೇಳಿದ ಹೆಂಗಸಿಗೆ ನಮ್ಮ ಕಡೆ ಸಲ್ಲುವ ಮರ್ಯಾದೆ ಅದು. ಸಂಬಳದಲ್ಲಿ ಆ ಮರ್ಯಾದೆ ಕಾಣುವುದಿಲ್ಲ, ಮಾತಿನಲ್ಲಿ ಮಾತ್ರ ಕಾಣುತ್ತದೆ.

ಕೂತಲ್ಲೇ ಇಲ್ಲ

ದೋರನಹಳ್ಳಿಯ ಯಜಮಾನರೊಬ್ಬರು ಕಾರು ನೋಡಲು ಬಂದರು. ಜೊತೆಗೆ ತಮ್ಮ, ಅಳಿಯ, ಬೀಗರು, ಬೀಗರ ಪರಿಚಯದ ಒಬ್ಬ ಡ್ರೈವರ್. ನಮ್ಮಲ್ಲಿ ಕಾರು ತಗೊಳ್ಳಲು ಒಬ್ಬರೇ ಬರುವುದಿಲ್ಲ. ಹೆಣ್ಣು ನೋಡಲು ಹೋಗುವಷ್ಟು ಮಂದಿ ಬರುತ್ತಾರೆ, ಹೆಣ್ಣು ನೋಡಿದ ಹಾಗೆಯೇ ನೋಡುತ್ತಾರೆ. ಬಾಗಿಲು ತೆಗೆದು ಮುಚ್ಚಿದರು, ಸೀಟು ಒತ್ತಿದರು, ಗಾಲಿಗೆ ಒಂದೊಂದು ಒದೆ ಕೊಟ್ಟರು. ಎಲ್ಲರಿಗೂ ಒಪ್ಪಿಗೆಯಾಯಿತು. ಸಾಹುಕಾರ್ರು ಚಾ ತರಿಸಿದರು.

ಯಜಮಾನರು ಚಾ ಕುಡಿಯುತ್ತ ಫೋನನ್ನು ಬಾಯಿ ಹತ್ತಿರ ಹಿಡಿದು, “ಶಹಾಪುರದಾಗ ಕಾರು ಎಲ್ಲಿ ತಗೋಬೇಕು?” ಅಂತ ಎಐಯನ್ನು ಕೇಳಿದರು. ಸುಮ್ಮನೆ, ಒಂದು ಮಾತು ಇರಲಿ ಅಂತ. ಎಐ ಪಠ್ಯಪುಸ್ತಕದ ಕನ್ನಡದಲ್ಲಿ ಉತ್ತರ ಕೊಟ್ಟಿತು: “ಶಹಾಪುರದಲ್ಲಿ ಕಾರು ಷೋರೂಂ ಇರುವ ಮಾಹಿತಿ ದೊರೆಯಲಿಲ್ಲ. ನೀವು ಕಲಬುರಗಿಗೆ ಹೋಗುವುದು ಸೂಕ್ತ.”

ಯಜಮಾನರು ಕಪ್ಪು ಕೆಳಗಿಟ್ಟರು. “ಶಹಾಪುರದಾಗ ಷೋರೂಂ ಇಲ್ಲಂತರಿ.”

“ನೀವು ಕುಂತದ್ದು ಎಲ್ಲಿ ಮತ್ತ?” ಅಂದರು ಸಾಹುಕಾರ್ರು. “ನಮ್ಮ ಸೋಫಾದ ಮ್ಯಾಲ ಅಲ್ಲೇನು?”

“ಅದು ಖರೇನ್ರಿ. ಆದ್ರ ಅಷ್ಟೆಲ್ಲಾ ತಿಳಿದದ್ದಕ್ಕ ನಿಮ್ಮದು ಗೊತ್ತಿಲ್ಲಂದ್ರ, ಏನೋ ಇರ್ಬೇಕಲ್ರಿ.”

ಬೀಗರೂ ತಲೆಯಾಡಿಸಿದರು. ಏನೋ ಇರಬೇಕು ಅನ್ನುವ ಅನುಮಾನ ಒಮ್ಮೆ ಹುಟ್ಟಿದರೆ ನಮ್ಮ ಕಡೆ ನಿಶ್ಚಯವಾದ ಮದುವೆಯೇ ಮುರಿಯುತ್ತದೆ, ಇನ್ನು ಕಾರು ಯಾವ ಲೆಕ್ಕ. ಎಲ್ಲರೂ ಉಳಿದ ಚಾ ಕುಡಿದು ಎದ್ದರು. ಯಜಮಾನರು ಬಾಗಿಲಲ್ಲಿ ನಿಂತು ನಮ್ಮ ಸೇಲ್ಸ್‌ನವನನ್ನೇ ಕೇಳಿದರು: “ಕಲಬುರಗಿ ಬಸ್ ಎಲ್ಲಿ ನಿಂದರ್ತದ ತಮ್ಮಾ?”

ಶಾಲು ತರಿಸ್ರಿ

ಇದನ್ನು ನಕ್ಕು ಮರೆಯಬಹುದಿತ್ತು. ಆದರೆ ಆ ವಾರವೇ ಹುಬ್ಬಳ್ಳಿಯಿಂದ ಕಂಪನಿಯ ಆಫೀಸರ್ ಫೋನ್ ಮಾಡಿದರು.

“ಈಗಿನ ಗಿರಾಕಿ ಮೊದಲ ಎಐ ಕೇಳ್ತಾನ್ರಿ, ಆಮ್ಯಾಲ ಹೆಂಡ್ತಿ ಕೇಳ್ತಾನ. ಯುಗಾದಿ ಮುಗಿದ ಮ್ಯಾಲ ನಾನ ಬರ್ತೀನಿ, ನಿಮ್ಮ ಎದುರಿಗೇ ಅದನ್ನ ಕೇಳ್ತೀನಿ. ನಿಮ್ಮ ಹೆಸರು ಬರಲಿಲ್ಲ ಅಂದ್ರ ಶಹಾಪುರದ್ದು ಬಂದ್. ಯಾದಗಿರಿ ಷೋರೂಂದವ್ರು ನಿಮ್ಮ ಗಿರಾಕಿನ್ನೂ ನೋಡ್ಕೋತಾರ.”

ಬಂದ್ ಆದರೆ ಸಾಹುಕಾರ್ರ ಮಾನ ಹೋಗುತ್ತದೆ, ನನ್ನ ಕೆಲಸ ಹೋಗುತ್ತದೆ. ಯಾದಗಿರಿಯವರು ಕೆಲಸ ಕೊಟ್ಟರೂ ಸುರಪುರದಿಂದ ದಿನವೂ ಅಲ್ಲಿಗೆ ಬಸ್ಸಿನಲ್ಲಿ ಹೋಗಿ ಬರುವುದು ನನ್ನ ಸೊಂಟಕ್ಕೆ ಆಗದ ಮಾತು. ಸುಳ್ಳೇಕೆ ಹೇಳಲಿ, ನನಗೆ ಹೆದರಿಕೆಯಾಯಿತು. ಸಾಹುಕಾರ್ರು ಹೆದರಲಿಲ್ಲ. ಅವರಿಗೆ ದಾರಿ ಗೊತ್ತಿತ್ತು.

“ಅಕ್ಕೋರೆ, ಈ ಎಐ ಸಾಹೇಬ್ರು ಯಾವ ಊರಾಗ ಇರ್ತಾರ? ಯಾರ ಪೈಕಿ? ಒಂದು ಶಾಲು, ಒಂದು ಹಾರ, ಹಣ್ಣಿನ ಬುಟ್ಟಿ ತರಿಸ್ರಿ. ಭೇಟಿ ಆಗಿ ಬರೋಣು.”

“ಅದಕ್ಕ ಹೆಗಲೇ ಇಲ್ರಿ ಸಾಹುಕಾರ್ರೆ. ಶಾಲು ಎಲ್ಲಿ ಹೊದಿಸ್ತೀರಿ?”

“ಮತ್ತ ಅಂವ ಏನು ನೋಡಿ ಹೇಳ್ತಾನ?”

“ನಮ್ಮ ವೆಬ್‌ಸೈಟ್ ಓದಿ ಹೇಳ್ತದರಿ.”

ಆ ವೆಬ್‌ಸೈಟನ್ನು ಮಾಡಿಕೊಟ್ಟವನು ಊರಿನಲ್ಲಿ ಫ್ಲೆಕ್ಸ್ ಬ್ಯಾನರ್ ಹಾಕುವವನು. ಅವನಿಗೆ ಬರುವುದನ್ನೇ ಅವನು ಮಾಡಿದ್ದ. ತೆರೆದ ಕೂಡಲೇ ಸಾಹುಕಾರ್ರು ಕೈ ಮುಗಿದು ನಿಂತಿರುತ್ತಾರೆ. ಕೆಳಗೆ ದೀಪಾವಳಿಯ ಶುಭಾಶಯ, ಸಂಕ್ರಾಂತಿಯ ಶುಭಾಶಯ, ನಾಡಿನ ಸಮಸ್ತ ಜನತೆಗೆ ಶುಭಾಶಯ. ಅಂಚಿನಲ್ಲಿ ಸಾಲಾಗಿ ಅವರ ತಮ್ಮಂದಿರು, ಅಳಿಯಂದಿರು, ಅಭಿಮಾನಿ ಬಳಗ. ಕಾರು ಅನ್ನುವ ಶಬ್ದ ಎಲ್ಲೂ ಇರಲಿಲ್ಲ. ಒಂದು ಕಾರು ಇತ್ತು, ಅದೂ ಅರ್ಧ, ಸಾಹುಕಾರ್ರ ಹಿಂದೆ.

ಇದನ್ನು ಓದಿ ಇದು ಏನೆಂದು ಹೇಳು ಅಂತ ಎಐಯನ್ನೇ ಕೇಳಿದೆ. “ಇದು ಶಹಾಪುರ ಭಾಗದ ಪ್ರಭಾವಿ ರಾಜಕೀಯ ಮುಖಂಡರೊಬ್ಬರ ತಾಣವೆಂದು ತೋರುತ್ತದೆ” ಅಂದಿತು.

ಸಾಹುಕಾರ್ರು ಮೀಸೆಯ ಮೇಲೆ ಕೈ ಆಡಿಸಿಕೊಂಡು ಅಂದರು: “ಅಂವ ನಾವು ತಿಳಿದಷ್ಟು ದಡ್ಡ ಅಲ್ರಿ ಅಕ್ಕೋರೆ.”

ಮಾತಿಗೆ ಕಾರು

ಶುಭಾಶಯಗಳನ್ನೆಲ್ಲ ತೆಗೆದು ಕಾರುಗಳ ಹೆಸರು, ಷೋರೂಮಿನ ವಿಳಾಸ, ತೆರೆಯುವ ವೇಳೆ ಎಲ್ಲ ಅಕ್ಷರದಲ್ಲಿ ಬರೆದೆ. ರೇಟಿನ ವಿಷಯಕ್ಕೆ ಬಂದಾಗ ಜಗಳ ಶುರುವಾಯಿತು. ರೇಟು ಬರೆಯದಿದ್ದರೆ ಎಐ ಹೇಗೆ ಹೇಳೀತು ಅಂತ ನಾನು. ರೇಟು ಬರೆದರೆ ನಾನು ಇರುವುದು ಯಾತಕ್ಕೆ ಅಂತ ಅವರು.

“ಮಂದಿನ್ನ ಬಾಗಿಲದಾಗ ನಿಲ್ಲಿಸಿ ರೇಟು ಹೇಳೂದು ನಮ್ಮ ಮನೆತನದಾಗ ಇಲ್ರಿ. ಬರ್ಲಿ, ಕುಂದರ್ಲಿ, ನೀರು ಕುಡೀಲಿ, ಆಮ್ಯಾಲ ಮಾತು.”

ಅದನ್ನೇ ಬರೆಯಿರಿ ಅಂದರು. ಸಿಟ್ಟಿನಲ್ಲಿ ನಾನು ಅದನ್ನೇ ಬರೆದೆ. ಪ್ರತಿಯೊಂದು ಕಾರಿನ ಮುಂದೆ, “ಬೆಲೆ: ಬರ್ರಿ, ಕುಂದರ್ರಿ, ಮಾತಾಡೋಣು.”

ಕೆಲವು ದಿನ ಕಳೆದ ಮೇಲೆ ಕೊಂಕಲ್‌ನಿಂದ ಒಬ್ಬ ಕಾಕಾ ಬಂದ. ಬಿಳಿ ಧೋತರ, ಹೆಗಲ ಮೇಲೆ ಟವಲ್. ಬಂದವನೇ ಕುಂತ. ಹೊಲದ ಮಾತಾಡಿದ. ಅಣ್ಣ ತಮ್ಮಂದಿರು ಬೇರೆಯಾದದ್ದು ಹೇಳಿದ. ಎಮ್ಮೆ ತಪ್ಪಿಸಿಕೊಂಡು ಹೋದದ್ದು, ಸಿಕ್ಕದ್ದು, ಮತ್ತೆ ಹೋದದ್ದು ಹೇಳಿದ. ಊಟದ ಹೊತ್ತಾಯಿತು, ಸಾಹುಕಾರ್ರು ಊಟ ಹಾಕಿಸಿದರು. ಉಂಡು ಮತ್ತೆ ಮಾತಿಗೆ ಕುಂತ. ನನಗೆ ತಲೆ ಸಿಡಿಯುತ್ತಿತ್ತು. ಸಾಹುಕಾರ್ರೂ ಎರಡು ಸಲ ತೂಕಡಿಸಿದರು. ಹೊತ್ತು ಇಳಿಯುವಾಗ ಕಾಕಾ ಟವಲ್ ಝಾಡಿಸಿ ಎದ್ದು ನಿಂತ.

“ನನ್ನ ಮಾತೆಲ್ಲಾ ಮುಗೀತ್ರಿ ಸಾಹುಕಾರ್ರೆ.”

“ಭಾಳ ಚಲೋ ಆತು. ಏನು ಕೆಲಸ ಇತ್ತು ಕಾಕಾ?”

ಕಾಕಾ ಮೊಮ್ಮಗಳು ಕೊಟ್ಟ ಫೋನು ತೆಗೆದು ತೋರಿಸಿದ. ಅವಳು ನಮ್ಮ ಕಾರಿನ ರೇಟು ಕೇಳಿದ್ದಳು. ಎಐ ಹೇಳಿತ್ತು: “ಈ ಷೋರೂಮಿನಲ್ಲಿ ಕಾರಿನ ಬೆಲೆಯಾಗಿ ಹಣದ ಬದಲು ಮಾತುಕತೆಯನ್ನು ಸ್ವೀಕರಿಸುತ್ತಾರೆಂದು ತಿಳಿದುಬರುತ್ತದೆ.”

ಕಾಕಾ ಸಾಲಾಗಿ ನಿಂತ ಕಾರುಗಳ ಕಡೆ ಕೈ ಮಾಡಿ ಕೇಳಿದ: “ಇಷ್ಟು ಮಾತಿಗೆ ಇದರಾಗ ಯಾವುದು ಬರ್ತದರಿ?”

ತಿಂಥಣಿ ಗಾಡಿ

ಮರುದಿನವೇ ರೇಟು ವೆಬ್‌ಸೈಟಿಗೆ ಏರಿತು. ಮನೆತನ ಏನೂ ಅನ್ನಲಿಲ್ಲ.

ಗಿರಾಕಿಗಳು ಕೇಳುವ ಪ್ರಶ್ನೆ, ಅದಕ್ಕೆ ಉತ್ತರ, ಹೀಗೆ ಬರೆದು ಹಾಕಿದರೆ ಎಐ ಅದನ್ನು ಬೇಗ ಹಿಡಿಯುತ್ತದೆ ಅಂತ ನಾನು ಎಲ್ಲೋ ಓದಿದ್ದೆ. ಮೈಲೇಜು, ಸರ್ವಿಸು ಅಂತ ನಾಲ್ಕು ಒಳ್ಳೆಯ ಪ್ರಶ್ನೆ ನಾನೇ ಬರೆಯಬೇಕಿತ್ತು. ಬುದ್ಧಿ ಕಮ್ಮಿಯಾಗಿ ಸೇಲ್ಸ್‌ನವನಿಗೆ ವಹಿಸಿದೆ. ಅವನು ಪ್ರಾಮಾಣಿಕ. ಮಂದಿ ಕೇಳಿದ್ದನ್ನೇ ಬರೆದ.

“ಜೋಳದ ಚೀಲ ಎಷ್ಟು ಹಿಡೀತಾವ?” “ಹೊಲದ ಮಣ್ಣಿನ ಬಣ್ಣದ ಕಾರು ಅದ ಏನು, ತೊಳೆಯೂದು ತಪ್ತದ?” “ನಮ್ಮ ಅವ್ವ ಹಿಂದಿನ ಸೀಟಿನಾಗ ಕಾಲು ಚಾಚಿ ಮಲಗಬಹುದಾ?” ಕೊನೆಯದು ನಮ್ಮಲ್ಲಿ ಎಲ್ಲರೂ ಕೇಳುವ ಪ್ರಶ್ನೆ: “ಮೊದಲ ತಿಂಥಣಿಗೆ ಒಯ್ದು ಮೌನೇಶ್ವರಗ ತೋರಿಸಿಕೊಂಡು ಬರ್ತೀವಿ, ದೇವರು ಒಪ್ಪಿದ್ರ ತಗೋತೀವಿ. ಆಗ್ತದಾ?” ಉತ್ತರ: “ಆಗ್ತದ.”

ನಿಜಕ್ಕೂ ಆಗುತ್ತದೆ. ಟೆಸ್ಟ್ ಡ್ರೈವ್ ಅಂದರೆ ನಮ್ಮಲ್ಲಿ ಅದೇ. ದೇವರು ಒಪ್ಪಲಿಲ್ಲ ಅಂದ ಗಿರಾಕಿಯ ಹತ್ತಿರ ಚೌಕಾಸಿ ಮಾಡುವ ಹಾಗಿಲ್ಲ, ಅದೊಂದೇ ತೊಂದರೆ.

ಒಂದು ಸೋಮವಾರ ಬಾಗಿಲು ತೆಗೆಯಲು ಹೋದರೆ ಮೆಟ್ಟಿಲ ಮೇಲೆ ಒಂದು ಸಂಸಾರವೇ ಕೂತಿತ್ತು. ಅಜ್ಜಿ, ಸೊಸೆಯರು, ಮಕ್ಕಳು, ಬುತ್ತಿಗಂಟು, ಕಾಯಿ ಕರ್ಪೂರದ ಬುಟ್ಟಿ. ಯಾದಗಿರಿಯಿಂದ ಮೊದಲ ಬಸ್ಸಿಗೆ ಬಂದಿದ್ದರಂತೆ. ಇಷ್ಟು ಮಂದಿ ಬಂದರೆ ದೊಡ್ಡ ಕಾರೇ ಬೇಕಾದೀತು ಅಂತ ನನಗೆ ಖುಷಿಯಾಯಿತು. ಒಳಗೆ ಬರ್ರಿ ಅಂದೆ. ಅಜ್ಜಿ ಒಪ್ಪಲಿಲ್ಲ.

“ಒಳಗ ಯಾಕವ್ವಾ? ಇಲ್ಲೇ ನಿಂದರ್ತೀವಿ. ತಿಂಥಣಿ ಗಾಡಿ ಎಷ್ಟೊತ್ತಿಗೆ ಬಿಡ್ತದ? ಪುಗಸಟ್ಟೆ ಅಂತ ಫೋನಿನಾಗ ಹೇಳ್ಯದ.”

ಸಾಹುಕಾರ್ರು ಏನು ಮಾಡಿದರು ಅಂತೀರಿ? ದೇವರಿಗೆ ಹೊರಟವರನ್ನು ವಾಪಸು ಕಳಿಸಿದ ಪಾಪ ಬೇಡ ಅಂತ ಎರಡು ಹೊಸ ಕಾರು ತೆಗೆಸಿ ಕಳಿಸಿಕೊಟ್ಟರು. ಸಂಜೆ ವಾಪಸು ಬಂದ ಅಜ್ಜಿ ಪ್ರಸಾದ ಕೊಟ್ಟು, ಸೀಟು ಸ್ವಲ್ಪ ಬಿರುಸು ಅಂತ ಹೇಳಿ, ಮುಂದಿನ ಅಮಾವಾಸ್ಯೆಗೆ ಕಿಟಕಿ ಕಡೆಯ ಜಾಗ ಹಿಡಿದಿಡಲು ಹೇಳಿ ಹೋದಳು.

ಅಳಿಯನಿಗೆ ಒಂದು

ಯುಗಾದಿ ಹತ್ತಿರ ಬಂತು. ಎಐ ಈಗ ಕಲಬುರಗಿ ಜೊತೆಗೆ ಒಮ್ಮೊಮ್ಮೆ ನಮ್ಮ ಹೆಸರೂ ಹೇಳುತ್ತಿತ್ತು, ಆದರೆ ನಂಬಿಕೆಯಿಲ್ಲದ ದನಿಯಲ್ಲಿ. ಗಿರಾಕಿಗಳ ಅಭಿಪ್ರಾಯ ಇಲ್ಲದ್ದೇ ಕಾರಣ ಅಂತ ತಿಳಿದು, ನಮ್ಮಲ್ಲಿ ಕಾರು ತಗೊಂಡವರಿಗೆಲ್ಲ ಫೋನ್ ಮಾಡಿ, ದಯವಿಟ್ಟು ನಾಲ್ಕು ಮಾತು ಬರೆಯಿರಿ ಅಂತ ಬೇಡಿಕೊಂಡೆ.

ಬರೆದರು. ಒಬ್ಬರಾದರೂ ಕಾರಿನ ಬಗ್ಗೆ ಬರೆದಿದ್ದರೆ ಕೇಳಿ. ಚಾ ಬಗ್ಗೆ ಬರೆದಿದ್ದರು. ಪಕ್ಕದ ಬಂಡಿಯಿಂದ ನಾವು ತರಿಸುವ ಮಿರ್ಚಿ ಭಜಿ ಬಗ್ಗೆ ಬರೆದಿದ್ದರು. ಹೆಚ್ಚಿನವರು ಬರೆದದ್ದು ಸಾಹುಕಾರ್ರು ಕೂಡಿಸಿದ ಸಂಬಂಧಗಳ ಬಗ್ಗೆ.

ಅದರಲ್ಲಿ ಸುಳ್ಳಿಲ್ಲ. ಗಿರಾಕಿ ಕುಂತ ಕೂಡಲೇ ಅವರು ಯಾವೂರು, ಯಾರ ಪೈಕಿ, ಮಕ್ಕಳೆಷ್ಟು ಅಂತ ವಿಚಾರಿಸುತ್ತಾರೆ. ಕಾರಿನ ಕಾಗದ ತಯಾರಾಗುವುದರೊಳಗೆ ಒಂದು ಗಂಡು ಹೇಳಿಬಿಟ್ಟಿರುತ್ತಾರೆ. ನಮ್ಮ ಸೋಫಾದ ಮೇಲೆ ಕುದುರಿದ ಮದುವೆಗಳು ಊರೂರಲ್ಲಿ ಸಂಸಾರ ಮಾಡುತ್ತಿವೆ.

ಎಲ್ಲರೂ ಐದು ನಕ್ಷತ್ರ ಕೊಟ್ಟಿದ್ದರು. ಒಬ್ಬರು ಮಾತ್ರ ಮೂರು. ಯಾಕ್ರಿ, ಗಾಡಿಯಲ್ಲಿ ತೊಂದರೆಯೇನು ಅಂತ ಫೋನ್ ಮಾಡಿ ಕೇಳಿದೆ.

“ಗಾಡಿ ಬಂಗಾರದಂಥಾದ್ದು ಅದರಿ. ಗಾಡಿಗೆ ಐದು. ಸಾಹುಕಾರ್ರು ಹೇಳಿದ ಅಳಿಯಗ ಒಂದು. ನಡುವ ಹಿಡಿದು ಮೂರು ಕೊಟ್ಟೀನಿ.”

ಆಫೀಸರ್ ಬಂದರು

ಹೇಳಿದ ಹಾಗೆ ಯುಗಾದಿ ಮುಗಿದ ಮೇಲೆ ಆಫೀಸರ್ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಟೈ, ಮುಖದಲ್ಲಿ ನಗುವಿಗೆ ಜಾಗವಿಲ್ಲ. ಚಾ ಬೇಡ ಅಂದರು. ಭಜಿ ಬೇಡ ಅಂದರು. ಯಾವೂರು, ಯಾರ ಪೈಕಿ ಅಂತ ಸಾಹುಕಾರ್ರು ಶುರುಮಾಡುವುದರೊಳಗೆ ಫೋನು ತೆಗೆದು ಟೇಬಲ್ ಮೇಲಿಟ್ಟರು. “ಶಹಾಪುರದಾಗ ಕಾರು ತಗೊಳ್ಳಾಕ ಎಲ್ಲಿ ಹೋಗಬೇಕು?” ಅಂತ ಗಟ್ಟಿಯಾಗಿ ಕೇಳಿದರು.

ಸೇಲ್ಸ್‌ನವನು ಕಣ್ಣು ಮುಚ್ಚಿ ಮೌನೇಶ್ವರನನ್ನು ನೆನೆಯುತ್ತಿದ್ದ. ಎಐ ಮೊದಲ ಮಾತಿಗೇ ನಮ್ಮ ಷೋರೂಮಿನ ಹೆಸರು ಹೇಳಿತು. ಸಾಹುಕಾರ್ರು ಎದೆ ಸೆಟೆದು ಕೂತರು. ಅಲ್ಲಿಗೇ ನಿಲ್ಲಿಸಬಾರದಾ ಅದು?

“ಇಲ್ಲಿನ ಚಹಾ ಹಾಗೂ ಮಿರ್ಚಿ ಭಜಿಯ ಬಗ್ಗೆ ಗ್ರಾಹಕರಲ್ಲಿ ಉತ್ತಮ ಅಭಿಪ್ರಾಯವಿದೆ. ಮಾಲೀಕರು ವಧೂವರರನ್ನು ಹುಡುಕಿಕೊಡುವುದರಲ್ಲಿ ಅನುಭವಿಗಳು. ತಿಂಥಣಿಗೆ ಉಚಿತ ವಾಹನ ವ್ಯವಸ್ಥೆಯಿದೆ. ಕಾರುಗಳೂ ದೊರೆಯುತ್ತವೆ.”

“ಹೆಸರು ಬಂತಲ್ರಿ” ಅಂದ ಸೇಲ್ಸ್‌ನವನು, ಮೆಲ್ಲಗೆ. ಆಫೀಸರ್ ಅವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. “ನೀವಿಬ್ಬರೂ ಸ್ವಲ್ಪ ಹೊರಗ ಹೋಗ್ರಿ” ಅಂದರು.

ಕೆಲಸ ಹೋಯಿತು ಅಂದುಕೊಂಡು ಹೊರಗೆ ನಿಂತೆ. ಗಾಜಿನ ಬಾಗಿಲಾದ್ದರಿಂದ ಮಾತು ಕೇಳದಿದ್ದರೂ ಮುಖ ಕಾಣುತ್ತಿತ್ತು. ಆಫೀಸರ್ ಬಗ್ಗಿ ಏನೋ ಕೇಳಿದರು. ಸಾಹುಕಾರ್ರು ತಲೆಯಾಡಿಸಿದರು. ಆಫೀಸರ್ ಟೈ ಸಡಿಲ ಮಾಡಿದರು. ಆಮೇಲೆ ಸಾಹುಕಾರ್ರು ಬಾಗಿಲು ತೆಗೆದು ಕೂಗಿದರು: “ಒಂದು ಪ್ಲೇಟ್ ಭಜಿ, ಬಿಸೀದು.”

ಒಳಗೆ ನಡೆದದ್ದನ್ನು ಅವರು ಸಂಜೆ ಹೇಳಿದರು.

“ಸಾಹುಕಾರ್ರ, ಅದು ಹೇಳಿದ್ದು ಖರೇ ಐತೇನ್ರಿ?”

“ಕಾರಿಂದೇನು?”

“ಕಾರು ಬಿಡ್ರಿ. ಆ ವಧೂವರರದು.”

“ಯಾರಿಗೆ ನೋಡ್ಬೇಕಾಗ್ಯದ?”

ಆಫೀಸರ್ ಗಾಜಿನ ಬಾಗಿಲ ಕಡೆ ತಿರುಗಿ ನೋಡಿ, ದನಿ ತಗ್ಗಿಸಿ ಹೇಳಿದರಂತೆ: “ನನಗ.”

ಆಮೇಲೆ ಬಂದ್ ಮಾಡುವ ಮಾತು ಹುಬ್ಬಳ್ಳಿಯಿಂದ ಬಂದಿಲ್ಲ. ಆಫೀಸರ್ ಫೋನ್ ಮಾಡುತ್ತಲೇ ಇರುತ್ತಾರೆ. ಎಷ್ಟು ಕಾರು ಹೋದವು ಅಂತ ಕೇಳುವುದನ್ನು ಬಿಟ್ಟಿದ್ದಾರೆ. ಏನಾದರೂ ಬಂತೇನ್ರಿ ಅನ್ನುತ್ತಾರೆ, ಅಷ್ಟೇ.

ಮೊನ್ನೆ ಸಾಹುಕಾರ್ರು ಸಂಭ್ರಮದಿಂದ ನನ್ನ ಟೇಬಲ್ ಹತ್ತಿರ ಬಂದರು. “ಅಕ್ಕೋರೆ, ನಿಮ್ಮ ಸುರಪುರದಾಗ ಭಾಳ ಚಲೋ ಹುಡುಗಿ ಸಿಕ್ಕಾಳ. ಓದ್ಯಾಳ, ನೌಕರಿ ಮಾಡ್ತಾಳ, ಮಂದಿನೂ ಒಳ್ಳೇರು. ಆಫೀಸರಗ ಹೇಳಿದ್ರ ನಾಳೇನ ಹೂಂ ಅಂತಾರ. ಫೋನ್ ಹಚ್ಚಲೇನು?”

ನಾನು ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

“ಮದುವಿ ಆತಂದ್ರ ಅವ್ರಿಗೆ ನಮ್ಮ ಷೋರೂಂ ಯಾಕ ಬೇಕಾಗ್ತದರಿ ಸಾಹುಕಾರ್ರೆ? ಫೋನ್ ಇಡ್ರಿ. ಇನ್ನೊಂದು ಯುಗಾದಿ ದಾಟಲಿ.”