ಸಿಟ್ಟು ಬಿಟ್ಟ ಸೋದರಮಾವ

ಶಾಂತಿ ಎಂಬ ಪದಾರ್ಥದ ಮೇಲೆ ನನಗೆ ತೀರದ ಸಿಟ್ಟಿದೆ. ಅದು ಸಿಗಲಿಲ್ಲವೆಂದಲ್ಲ, ಸಿಕ್ಕಿತೆಂದು. ನಮ್ಮ ಬಳಗದಲ್ಲಿ ಶುಭಕಾರ್ಯವೆಂದರೆ ಸೋದರಮಾವ ಮುನಿಸಿಕೊಳ್ಳಲೇಬೇಕು. ಮನೆಯ ಯಜಮಾನ ಬಂದು ಕೈಹಿಡಿದು ಎಬ್ಬಿಸಬೇಕು. ಅರಿಶಿನ ಕುಂಕುಮದಷ್ಟೇ ಅಗತ್ಯವಾದ ವಿಧಿ ಇದು. ಹೋದ ವರ್ಷ ಕಮಲಾಪುರದಲ್ಲಿ ಅಕ್ಕನ ಮಗಳ ಮದುವೆಯಲ್ಲಿ ನಾನು ಈ ವಿಧಿಯನ್ನು ಕೊಂಚ ಹೆಚ್ಚು ಶ್ರದ್ಧೆಯಿಂದ ಆಚರಿಸಿದೆ. ಭಾವ ಬಂದು ಕೈಹಿಡಿದರೂ ಕೊಡವಿ, ಊಟ ಬಿಟ್ಟು, ಕಲಬುರಗಿಯ ಬಸ್ಸು ಹತ್ತಿದೆ. ಅಂದಿನಿಂದ ಆ ಮನೆಯ ಬಾಗಿಲು ನನಗೆ ಮುಚ್ಚಿತು.

ಈಗ ಅಕ್ಕನ ಮೊಮ್ಮಗನ ತೊಟ್ಟಿಲ ಕಾರ್ಯ. ಅಕ್ಕ ಫೋನಿನಲ್ಲೇ ಎಚ್ಚರಿಸಿದಳು: “ತಮ್ಮಾ, ಸಿಟ್ಟು ಮನ್ಯಾಗ ಇಟ್ಟು ಬರೂದಿದ್ರ ಬಾ. ಇಲ್ಲಂದ್ರ ಇನ್ನ ಮ್ಯಾಲ ನಿನಗ ಅಕ್ಕ ಇಲ್ಲಾಂತ ತಿಳ್ಕೊ.”

ಇಟ್ಟು ಬರಲು ಅದೇನು ಛತ್ರಿಯೇ? ಆದರೂ ಊರಾಚೆಯ ಬುದ್ಧವಿಹಾರಕ್ಕೆ ದಿನವೂ ಹೋಗತೊಡಗಿದೆ. ಅಲ್ಲಿಯ ಭಿಕ್ಷು ಭಂತೇಜಿ ಉಸಿರು ಗಮನಿಸುವುದನ್ನು ಕಲಿಸಿದರು. ಗಮನಿಸಿದೆ, ನನ್ನದು ಪ್ರೆಷರ್ ಕುಕ್ಕರಿನ ಉಸಿರಾಗಿತ್ತು. ಆಮೇಲೆ ಮೈತ್ರಿಭಾವನೆ: ನಮಗಾಗದವರಿಗೂ ಒಳಿತು ಕೋರಬೇಕು. ‘ಭಾವ ಸುಖವಾಗಿರಲಿ’ ಎಂದೆ. ‘ನನ್ನ ಕೈಗೆ ಸಿಗುವ ತನಕ’ ಎಂದು ಮನಸ್ಸು ತಾನಾಗಿ ಸೇರಿಸಿತು. ಪಕ್ಕದವನ ಮೊಬೈಲು ಬಡಿದುಕೊಂಡಿತು. ಅವನೂ ಸುಖವಾಗಿರಲಿ, ಬೇರೆ ಊರಿನಲ್ಲಿ. ಹೀಗೆ ಹಲ್ಲು ಕಚ್ಚಿ ಕಚ್ಚಿಯೇ ಕೊನೆಗೊಂದು ದಿನ ಒಳಗೆ ನಿಜಕ್ಕೂ ತಣ್ಣಗಾಯಿತು. ಅದೇ ಅನಾಹುತ.

ಕಮಲಾಪುರದಲ್ಲಿ ಭಾವ ಸಾಲಾಗಿ ಎಲ್ಲ ಬೀಗರಿಗೂ ಟವೆಲ್ಲು ಹೊದಿಸುತ್ತಾ ಬಂದರು. ನನ್ನನ್ನು ದಾಟಿ ಮುಂದೆ ಹೋದರು. ನೆರೆದವರೆಲ್ಲ ನನ್ನ ಮುಖ ನೋಡಿದರು. ನಾನು ಉಸಿರು ಗಮನಿಸಿ ಮುಗುಳ್ನಕ್ಕೆ. ಭಾವ ಇನ್ನೊಮ್ಮೆ ಹಾದುಹೋದರು. ಇನ್ನೊಮ್ಮೆ ಮುಗುಳ್ನಕ್ಕೆ. ಭಾವನ ಮುಖ ಬಾಡಿತು.

“ಏನಪಾ, ಬೇಕಂತ ಬಿಟ್ಟೀನಿ!” ಎಂದರು, ಅಳುವುದೊಂದು ಬಾಕಿ. “ನೀ ರುಸುಗೊಂಡು ಕೂಡ್ತಿ, ಮಂದಿ ಮುಂದ ಕೈ ಹಿಡದು ಎಬ್ಬಸ್ತೀನಿ, ಹೋದ ವರ್ಷದ್ದು ಅಲ್ಲಿಗೇ ಮುಗೀತದ ಅಂದ್ರ, ಬೀಗರ ಹಂಗ ನಕ್ಕೋತ ಕುಂತೀಯಲ್ಲ!”

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಸಿಟ್ಟು ಬಿಡು ಅಂದಿದ್ದೆ, ನಮ್ಮನ್ನ ಬಿಡು ಅಂದಿದ್ನೇನೋ? ನಾವೀಗ ಪರಕೀಯರಾದ್ವಿ ನಿನಗ.”

“ಭಾಳ ದೊಡ್ಡ ಮನಷಾ ಆಗ್ಯಾನ ಬಿಡ,” ಎಂದಳು ಮೂಲೆಯಿಂದ ಸೋದರತ್ತೆ. “ನಮ್ಮಂಥವ್ರ ಮ್ಯಾಲ ಯಾಕ ಸಿಟ್ಟಾದಾನು?”

ಅಲ್ಲಿಗೆ ಉಸಿರು ಎತ್ತ ಹೋಯಿತೋ ತಿಳಿಯದು. “ಸಿಟ್ಟಾದ್ರ ಬಾಗಿಲು ಹಾಕ್ತೀರಿ, ಸುಮ್ಮನಿದ್ರ ಅಳ್ತೀರಿ! ನಾ ಏನು ನಿಮ್ಮ ಮನಿ ನಲ್ಲಿಯೇನು, ತಿರುವಿದಾಗ ಬರಾಕ?” ಎಂದು ನಾನು ಗುಡುಗಿದ್ದಕ್ಕೆ ತೊಟ್ಟಿಲ ಕೂಸು ಬೆಚ್ಚಿ ಚೀರಿತು. ಎದ್ದು ಚಪ್ಪಲಿ ಮೆಟ್ಟಿದೆ. ಇಡೀ ಮನೆಯ ಮುಖ ಅರಳಿತು. ಭಾವ ಓಡಿಬಂದು ಕೈಹಿಡಿದರು, ಮೊದಲೇ ಮಡಚಿಟ್ಟಿದ್ದ ಜರಿ ಅಂಚಿನ ಟವೆಲ್ಲು ಹೊದಿಸಿದರು, ಹೊರಡುವಾಗ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕಟ್ಟಿಕೊಟ್ಟರು. ಅಕ್ಕ ನಗುತ್ತಾ ಬಸ್ಸಿನವರೆಗೂ ಬಂದಳು.

ಮರುದಿನ ಆ ಹಣ್ಣನ್ನು ಭಂತೇಜಿಗೆ ಒಪ್ಪಿಸಿದೆ. “ಅಕ್ಕನ ಮನ್ಯಾಗ ಶಾಂತಿ ಆಯ್ತೇನ್ರಿ?” ಎಂದರು. “ಆಯ್ತ್ರೀ” ಎಂದೆ. ಹೇಗಾಯಿತೆಂದು ಕೇಳುತ್ತಾರೇನೋ ಎಂದು ಉತ್ತರ ಸಿದ್ಧಮಾಡಿಕೊಂಡು ಕೂತೆ. ಅವರು ಸುಮ್ಮನೆ ಮುಗುಳ್ನಕ್ಕರು. ಆ ನಗುವಿಗೆ ಎಂಥ ಸಿಟ್ಟು ಬರುತ್ತದೆಂದು ನನಗೆ ಆಗ ತಿಳಿಯಿತು.