ಕಣ್ಣು ಬರೆಯುವ ಅಧಿಕಾರ

ಸರ್ಕಾರಿ ಗೋಡೆಯ ಮೇಲಿನ ಚಿತ್ರಕ್ಕೆ ಕಣ್ಣು ಬರೆಯುವ ಅಧಿಕಾರ ಚಿತ್ರಕಾರನಿಗೆ ಇರುವುದಿಲ್ಲ. ಅದು ಉದ್ಘಾಟಕರಿಗೆ ಸೇರಿದ್ದು.

ಕಟಕೋಳದ ದುಂಡಪ್ಪನಿಗೆ ಈ ಸಂಗತಿ ಗೊತ್ತಿರಲಿಲ್ಲ. ರಾಮದುರ್ಗದ ಸಭಾಭವನದ ಗೋಡೆಗೆ ಅವನು ಕೆಮ್ಮಣ್ಣು, ಸುಣ್ಣ, ಕಾಡಿಗೆಯಲ್ಲಿ ಬುತ್ತಿ ಹೊತ್ತ ಹೆಣ್ಣುಮಕ್ಕಳ ಸಾಲು ಬರೆದಿದ್ದ. ಮುಂದಿನವಳು ಅವನ ತಾಯಿ ರಾಚವ್ವ.

"ಕಣ್ಣ ಕಡೀಕ ಬರೀತೀವ್ರಿ ಸಾಹೇಬ್ರ. ಅಲ್ಲೀತನಕ ಚಿತ್ರಕ್ಕ ಜೀವ ಇರೂದಿಲ್ಲ," ಎಂದು ಮನೆತನದ ಪದ್ಧತಿಯನ್ನು ಬಾಯಿಬಿಟ್ಟದ್ದೇ ತಪ್ಪಾಯಿತು.

"ಜೀವಾ ಕೊಡೂದು ಉದ್ಘಾಟನಿ ಬಾಬ್ತು," ಎಂದರು ಸುಂದರೀಕರಣ ಅಧಿಕಾರಿ ಸುಮೇಧ ಸಾಹೇಬರು. "ಮಂತ್ರಿಗಳು ಬಂದು ಬರೀತಾರ. ನೀವು ಕೈ ತೊಳಕೋರಿ."

ಮಂತ್ರಿಗಳು ಬರಲಿಲ್ಲ. ಮೊದಲು ಚುನಾವಣೆ ಬಂತು, ಆಮೇಲೆ ಹೊಸ ಮಂತ್ರಿಗಳು ಬಂದರು. ಅವರು ಬಂದವರೇ ಕಣ್ಣಿನ ಆಪರೇಷನ್ನಿಗೆ ಹೋದರು.

ಇತ್ತ ಗೋಡೆಯ ಮೇಲೆ ತಾನಿದ್ದೇನೆಂದು ಓಣಿಗೆಲ್ಲ ಹೇಳಿಕೊಂಡಿದ್ದ ರಾಚವ್ವ, ನೆರೆಮನೆಯ ಗಂಗೂಬಾಯಿಯನ್ನು ಟಂಟಂ ರಿಕ್ಷಾದಲ್ಲಿ ಕರೆತಂದಳು.

"ಇದರಾಗ ನೀ ಯಾವಾಕಿ?" ಎಂದಳು ಗಂಗೂಬಾಯಿ. "ಎಲ್ಲಾರೂ ಕಣ್ಣಮುಚ್ಚಾಲಿ ಆಡಾಕ ಹತ್ತಿದಂಗ ಕಾಣತಾರು."

ರಾಚವ್ವ ಮಗನತ್ತ ತಿರುಗಿದಳು. "ಮೂಗುತಿ ಬರದಿ, ಬುಗುಡಿ ಬರದಿ. ಎರಡ ಕಣ್ಣ ಇಡೂದು ಭಾರ ಆತೇನಲೇ?"

ಮರುದಿನವೇ ದುಂಡಪ್ಪ ಕುಂಚ ಎತ್ತಿದ. ಅದು ಗೋಡೆ ಮುಟ್ಟುವ ಮೊದಲೇ 'ಅನಧಿಕೃತವಾಗಿ ದೃಷ್ಟಿ ಒದಗಿಸಲು ಯತ್ನಿಸಿದ್ದಕ್ಕಾಗಿ' ನೋಟೀಸು ಬಂತು.

ಅಷ್ಟರಲ್ಲಿ ಪ್ರಶಸ್ತಿ ಸಮಿತಿಯ ವಿದುಷಿ ಜ್ಯೋತ್ಸ್ನಾ ಅವರು ಗೋಡೆಯ ಮುಂದೆ ಬಹಳ ಹೊತ್ತು ನಿಂತರು. "ಅಂತರ್ದೃಷ್ಟಿ!" ಎಂದರು.

"ಕಣ್ಣ ಬಾಕಿ ಅದಾವ್ರಿ, ಬಾಯಾರ," ಎಂದ ದುಂಡಪ್ಪ.

"ಎಂಥ ವಿನಯ!"

ಗೋಡೆಗೆ ಪ್ರಶಸ್ತಿ ಬಂತು. ಅದರ ಹಿಂದೆಯೇ ಸುತ್ತೋಲೆ ಹೊರಟಿತು: 'ಸರ್ಕಾರಿ ಗೋಡೆಯ ಚಿತ್ರಗಳೆಲ್ಲ ಇನ್ನು ಮುಂದೆ ಜಾನಪದ ಶೈಲಿಯಲ್ಲಿ, ಅಂದರೆ ಕಣ್ಣಿಲ್ಲದೆ, ಇರತಕ್ಕದ್ದು. ಇರುವ ಕಣ್ಣುಗಳಿಗೆ ಸುಣ್ಣ ಬಳಿಯತಕ್ಕದ್ದು. ನೇತ್ರದಾನದ ಜಾಹೀರಾತಿಗೆ ಒಂದು ಕಣ್ಣಿನ ವಿನಾಯಿತಿ ಇರುತ್ತದೆ.' ಶಾಲೆಯ ಗೋಡೆಯ ನವಿಲು ಗರಿಯ ಕಣ್ಣುಗಳನ್ನೂ ಕಳೆದುಕೊಂಡಿತು.

ಆಗ ಮಂತ್ರಿಗಳ ಪ್ರವಾಸ ಖಚಿತವಾಯಿತು. ಕಣ್ಣು ಬರೆಯುವಂತಿಲ್ಲ, ಸುಣ್ಣ ಬಳಿದು ಉದ್ಘಾಟಿಸೋಣವೆಂದರೆ ಗೋಡೆಯಲ್ಲಿ ಕಣ್ಣೇ ಇಲ್ಲ. ಸುಮೇಧ ಸಾಹೇಬರು ತಾವೇ ಕಾಡಿಗೆ ಹಿಡಿದು ಓಡಿಬಂದರು.

"ದುಂಡಪ್ಪನವರ, ಮುಂದಿನಾಕಿಗಷ್ಟ ಲಗೂನ ಕಣ್ಣ ಬರೀರಿ. ಮಂತ್ರಿಗಳು ಅಳಸಬೇಕಾಗೇತಿ."

ದುಂಡಪ್ಪ ಬರೆದ. ಗಂಗೂಬಾಯಿಯೊಂದಿಗೆ ಉದ್ಘಾಟನೆ ನೋಡಲು ಬಂದಿದ್ದ ರಾಚವ್ವ ಗೋಡೆಯನ್ನು ನೋಡಿದಳು, ಗೋಡೆ ರಾಚವ್ವನನ್ನು ನೋಡಿತು. "ಹಾಂ, ಈಗ ನಾನ ನೋಡು," ಎಂದಳು.

ಮಂತ್ರಿಗಳು ಬಂದರು, ಸುಣ್ಣ ಬಳಿದರು, ಚಪ್ಪಾಳೆಯಾಯಿತು. ದುಂಡಪ್ಪ ಅವ್ವನ ಮುಖ ನೋಡಲಾರದೆ ತಲೆ ತಗ್ಗಿಸಿದ.

"ಯವ್ವಾ, ನೀನ ಹೌದ ಬಿಡು!" ಎಂದು ಗಂಗೂಬಾಯಿ ಅವಳ ಕೈ ಹಿಡಿದಳು. ಇಡೀ ಸಾಲಿನಲ್ಲಿ ಕಣ್ಣಿಗೆ ಸುಣ್ಣ ಬಳಿಸಿಕೊಂಡವಳು ಒಬ್ಬಳೇ. ರಾಚವ್ವನ ಗುರುತು ಹಿಡಿಯಲು ಈಗ ಯಾರಿಗೂ ತೊಂದರೆಯಿಲ್ಲ. ದೂರದಿಂದಲೂ ಬೆಳ್ಳಗೆ ಕಾಣುತ್ತಾಳೆ.