ಗುಬ್ಬಿ ಸೈಕಾಲಜಿಗೆ ಹೊರಟ ದಿನ

ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದ ಪಕ್ಕದ ಮನೆಯ ನರ್ಸಮ್ಮ, "ಮುಂದೆ ಏನು ಓದ್ತೀಯೇ ಗುಬ್ಬಿ?" ಎಂದು ಕೇಳಿದಾಗ ಏನೋ ಒಂದು ಗೊಣಗಿ ಒಳಗೆ ಹೋಗಿದ್ದರೆ ಆಗುತ್ತಿತ್ತು. ಗುಬ್ಬಿ ನಿಜ ಹೇಳಿಬಿಟ್ಟಳು.

"ಸೈಕಾಲಜಿ, ಆಂಟಿ. ಡಿಗ್ರಿ ಆದ್ಮೇಲೆ ಎಂ.ಎ., ಆಮೇಲೆ ಆಸ್ಪತ್ರೇಲಿ ಟ್ರೇನಿಂಗ್."

"ಅಂದ್ರೆ, ಯಾರ ಮನಸ್ಸಲ್ಲಿ ಏನಿದೆ ಅಂತ ಗೊತ್ತಾಗತ್ತಾ?"

"ಸ್ವಲ್ಪ ಸ್ವಲ್ಪ ಈಗ್ಲೇ ಗೊತ್ತಾಗತ್ತೆ," ಎಂದು ಗುಬ್ಬಿ ತಮಾಷೆಗೆ ಕಣ್ಣರಳಿಸಿದಳು.

ನರ್ಸಮ್ಮನ ಕೈಯಿಂದ ಪಾತ್ರೆ ಜಾರಿತು. ಅದು ಉರುಳಿ ಗೋಡೆಗೆ ಬಡಿದು ನಿಂತರೂ ಆಕೆ ಬಗ್ಗಲಿಲ್ಲ. ಹಾವು ಕಂಡವಳಂತೆ ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟು ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಮ್ಮ ನಕ್ಕಳು. "ಜನ ಏನಾದ್ರೂ ಅಂದ್ಕೊಳ್ಳಲಿ. ಕಾಲೇಜು ಸೇರೋಕೆ ಇವತ್ತೇ ಕೊನೇ ದಿನ, ಹೋಗಿ ಸೇರ್ಕೋ."

ಹೊಲಿಯಲು ಕೊಟ್ಟಿದ್ದ ಅಂಗಿ ತರಲು ಗುಬ್ಬಿ ಬೀದಿಯ ಕೊನೆಯ ಟೈಲರಣ್ಣನ ಅಂಗಡಿಗೆ ಹೋದಳು. ಅಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಅವಳು ಹೊಸ್ತಿಲು ತುಳಿದದ್ದೇ ತಡ, ಹೊಲಿಗೆ ಮಿಷನ್ನು ಗಕ್ಕನೆ ನಿಂತಿತು. ಟೈಲರಣ್ಣ ಗೋಡೆಯ ಕಡೆ ಮುಖ ತಿರುಗಿಸಿ, ಕೈಯನ್ನಷ್ಟೇ ಹಿಂದಕ್ಕೆ ಚಾಚಿ ಅಂಗಿ ಕೊಟ್ಟ.

"ಅಣ್ಣಾ, ಯಾಕೆ ಹೀಗೆ?"

"ಕಣ್ಣು ಕೆಳಗಿಟ್ಕೋಮ್ಮ, ನಿಂಗೆ ಕೈ ಮುಗೀತೀನಿ. ಉಳಿದ ಬಟ್ಟೆ ನಾನೇ ಇಟ್ಕೊಂಡಿದ್ದು ಹೌದು. ಅಲ್ಲಿಗೇ ನಿಲ್ಸು. ಇನ್ನೂ ಒಳಗೆ ನೋಡ್ಬೇಡ."

ಬಟ್ಟೆ ಉಳಿದಿತ್ತೆಂಬುದೇ ಗುಬ್ಬಿಗೆ ಗೊತ್ತಿರಲಿಲ್ಲ. ಆದರೆ 'ಇನ್ನೂ ಒಳಗೆ' ಏನಿದೆ ಎಂದು ಯೋಚಿಸುತ್ತಲೇ ಅವಳು ಅಂಗಿ ಮಡಚಿಕೊಂಡು ಹೊರಬಂದಳು.

ಹಿಂದಿರುಗುವಾಗ ಬೀದಿ ಹಾಡಹಗಲಲ್ಲೇ ಹಾಳು ಬಿದ್ದಂತಿತ್ತು. ಅವಳು ಹೆಜ್ಜೆ ಹಾಕಿದಂತೆ ಒಂದೊಂದೇ ಕಿಟಕಿ ಮುಚ್ಚಿಕೊಳ್ಳುತ್ತಿತ್ತು, ಯಾರೋ ಮುಂದೆ ಮುಂದೆ ನಡೆದು ಮುಚ್ಚಿಸುತ್ತಿರುವ ಹಾಗೆ. ಒಳಗೆ ರೇಡಿಯೋಗಳು ಬಾಯಿ ಕಟ್ಟಿಕೊಂಡವು. ಪರದೆಗಳ ಅಂಚಿನಲ್ಲಿ ಬೆರಳುಗಳು ಮಾತ್ರ ಕಾಣುತ್ತಿದ್ದವು. ಒಂದು ಮನೆಯೊಳಗಿಂದ, "ಏನೂ ಯೋಚನೆ ಮಾಡ್ಬೇಡ್ರೀ, ಅವಳು ಹೋಗೋವರೆಗೂ ಏನೂ ಯೋಚನೆ ಮಾಡ್ಬೇಡಿ!" ಎಂಬ ಪಿಸುಮಾತು ಕೇಳಿಸಿತು.

ಬಸ್ಸು ಹಿಡಿದು ಪೇಟೆಗೆ ಹೋದಾಗ, ಕಾಲೇಜಿನ ಮೇಡಂ ಮಾತ್ರ ಅವಳ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದರು. "ಒಳ್ಳೇ ಆಯ್ಕೆ. ಆಸ್ಪತ್ರೆ, ಶಾಲೆ, ಕಂಪನಿ, ಎಲ್ಲಾ ಕಡೆ ಕೆಲಸ ಇದೆ. ಎಂ.ಎ. ಮಾಡಿದ್ಮೇಲೂ ಓದೋದು ಇದ್ದೇ ಇರತ್ತೆ. ಆದ್ರೆ ಒಂದು ಮಾತು. ಜನ ನಿನ್ನ ಹತ್ರ ಮನಸ್ಸು ಬಿಚ್ಚಿ ಮಾತಾಡ್ಬೇಕು. ಅದಿಲ್ದೆ ಇದ್ರೆ ಏನೂ ಇಲ್ಲ."

ಗುಬ್ಬಿಯ ಕಣ್ಣ ಮುಂದೆ ಆ ಮುಚ್ಚಿದ ಕಿಟಕಿಗಳು ಸಾಲಾಗಿ ನಿಂತವು. ಹುಟ್ಟಿ ಬೆಳೆದ ಬೀದಿಯಲ್ಲಿ ಇನ್ನು ಮುಂದೆ "ಊಟ ಆಯ್ತಾ" ಎನ್ನುವವರೂ ಇರುವುದಿಲ್ಲ. ಹೈಸ್ಕೂಲಿನಿಂದ ಸಾಕಿಕೊಂಡು ಬಂದ ಆಸೆಯನ್ನು ಅವಳು ಅರ್ಜಿಯಿಂದ ಹೊಡೆದುಹಾಕಿದಳು.

"ಮೇಡಂ, ನಂಗೆ ಕಾಮರ್ಸೇ ಕೊಡಿ," ಎಂದಳು.

ಊರಿಗೆ ಮರಳಿ ಬಂದವಳು ಬೀದಿಯ ನಟ್ಟನಡುವೆ ನಿಂತು, ಎಲ್ಲ ಪರದೆಗಳಿಗೂ ಕೇಳುವಂತೆ ಕೂಗಿದಳು: "ನಾನು ಸೈಕಾಲಜಿ ಬಿಟ್ಟೆ! ಲೆಕ್ಕಪತ್ರ ಓದ್ತೀನಿ! ಯಾರ ಮನಸ್ಸೂ ನಂಗೆ ಬೇಡ!"

ಆಮೇಲೆ ಚಿಲಕಗಳು ಒಂದೊಂದಾಗಿ ಕಳಚಿದವು. ನಗುತ್ತಾ ಬರುತ್ತಾರೆಂದುಕೊಂಡ ಗುಬ್ಬಿಗೆ ಕಂಡದ್ದು ಬಿಳಿಚಿಕೊಂಡ ಮುಖಗಳು. ಚಪ್ಪಲಿ ಕೂಡ ಸದ್ದು ಮಾಡದಂತೆ ನಡೆದು ಬಂದು ಅವಳ ಸುತ್ತ ನಿಂತರು.

ನರ್ಸಮ್ಮ ಅವಳ ತೋಳು ಹಿಡಿದಳು.

"ಅಷ್ಟು ಆಸೆಪಟ್ಟವಳು ಒಂದೇ ದಿನಕ್ಕೆ ಬೇಡ ಅಂದೆಯಲ್ಲೇ... ಬೆಳಿಗ್ಗೆ ನನ್ನೊಳಗೆ ಅಂಥಾದ್ದೇನು ಕಂಡೆ?"

"ಏನೂ ಇಲ್ಲ ಆಂಟಿ! ನಂಗೆ ಏನೂ ಗೊತ್ತಿಲ್ಲ!"

"ನೋಡಿದ್ರಾ, ಹೇಳೋಕೇ ಭಯ ಪಡ್ತಿದ್ದಾಳೆ," ಎಂದ ಟೈಲರಣ್ಣ. "ತಡೀರಿ, ಒಬ್ಬೊಬ್ರಾಗಿ ಕೇಳೋಣ."

ಜನ ಸದ್ದಿಲ್ಲದೆ ಸಾಲು ಕಟ್ಟಿದರು. ಗುಬ್ಬಿ ಎಲ್ಲರನ್ನೂ ತಳ್ಳಿಕೊಂಡು ಮನೆಯತ್ತ ಓಡಿದಳು. "ಅಮ್ಮಾ, ನೀನಾದ್ರೂ ಇವ್ರಿಗೆ ಹೇಳೇ!"

ಅಮ್ಮ ಬಾಗಿಲಿಂದ ಇಳಿದು ಬಂದಳು. ಮಗಳ ಮುಖ ನೋಡದೆ, ಸೆರಗು ಬಿಗಿಯಾಗಿ ಹೊದ್ದುಕೊಂಡು, ಮೆಲ್ಲಗೆ ಹೋಗಿ ಸಾಲಿನ ಕೊನೆಯಲ್ಲಿ ನಿಂತಳು.